ಒಂದು ಸಲ ಸಾಕು

ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಗಂಗಾಧರ ಅವರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಡಾಕ್ಟರ್ ಜುಲೇಖಾ ಅವರೇ, ಪಕ್ಕದ ಕೋಣೆಯಿಂದ ಬಿಸಿಬೇಳೆಬಾತಿನ ಘಮ ಬರುತ್ತಿದ್ದರೂ ಕದಲದೆ ಕುಳಿತಿರುವ ಸಭಿಕರೇ,

ಅಭಿನಂದನೆಯ ಮಾತಿಗೆ ನನ್ನನ್ನೇ ಯಾಕೆ ಕರೆದರೋ ಗೊತ್ತಿಲ್ಲ. ವೆಸ್ಟ್ ಮಾಂಬಲಂನಲ್ಲಿ ಮನೋವೈದ್ಯ ಭೋಜರಾಜ ಎಂದರೆ ಆಟೋದವರೂ ದಾರಿ ತೋರಿಸುತ್ತಾರೆ. ಆದರೂ ಶಾಲು ಮಾತ್ರ ರಾಯಪುರಂಗೆ ಹೋಗುತ್ತಿದೆ. ಹೋಗಲಿ, ಸಂತೋಷ. ನಾನೇನು ಹೊಟ್ಟೆಕಿಚ್ಚು ಪಡುವ ಮನುಷ್ಯನೇ? ಹೌದು, ಸ್ವಲ್ಪ ಪಡುತ್ತೇನೆ.

ಜುಲೇಖಾ ನಮ್ಮ ತಿಪಟೂರಿನ ಕಡೆಯವರು. ನಾನು ಓದಿದ ಕಾಲೇಜಿನಲ್ಲೇ, ನಾನು ಓದಿದ ಪುಸ್ತಕಗಳನ್ನೇ ಓದಿದವರು. ಅವರ ಕ್ಲಿನಿಕ್ಕು ರಾಯಪುರಂನಲ್ಲಿ, ಮಸೀದಿಯ ಬೆನ್ನಿಗೇ ಇದೆ. ಮನಸ್ಸಿನ ಕಾಯಿಲೆ ಎಂದರೆ ಬಾಯಿ ಬಿಡದ ಜನ, ಅಲ್ಲಿ ನಮಾಜು ಮುಗಿಸಿ ಹಾಗೇ ಒಳಗೆ ಬಂದು ಕೂರುತ್ತಾರೆ. ರಂಜಾನ್ ಬಂತೆಂದರೆ ಇವರು ಮೊದಲು ಕೇಳುವುದು, "ಉಪವಾಸ ಇದೀರಾ?" ಎಂದು. ಆಮೇಲೆ ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸುತ್ತಾರೆ.

ಬಂದರಿನಲ್ಲಿ ದುಡಿಯುವ ಒಬ್ಬರು ಮೊದಲು ನನ್ನಲ್ಲಿಗೆ ಬಂದಿದ್ದರು. ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆಯುತ್ತಾರಲ್ಲ, ವಜೂ ಅಂತ, ಅದು ಸರಿಯಾಯಿತೋ ಇಲ್ಲವೋ ಎಂಬ ಅನುಮಾನ ಅವರಿಗೆ. ಮತ್ತೆ ನಲ್ಲಿ, ಮತ್ತೆ ಅನುಮಾನ. ಕೈಯ ಚರ್ಮ ಒಡೆದು ಹೋಗಿತ್ತು. ನಾನು ಮಾತ್ರೆ ಬರೆದು, "ಸ್ವಲ್ಪ ದಿನ ನಮಾಜು ಬಿಟ್ಬಿಡಿ" ಎಂದೆ. ಅದರಲ್ಲಿ ತಪ್ಪೇನು? ಕಾಲು ಮುರಿದವನಿಗೆ ನಡೆಯಬೇಡ ಅನ್ನುವುದಿಲ್ಲವೇ? "ಸರಿ ಡಾಕ್ಟರ್" ಎಂದು ಕೈಮುಗಿದು ಹೋದವರು ತಿರುಗಿ ಬರಲೇ ಇಲ್ಲ.

ಇವರ ಹತ್ತಿರ ಹೋದರು. ಇವರು ಬರೆದದ್ದೂ ಅದೇ ಮಾತ್ರೆ ಸಭಿಕರೇ, ಅದೇ ಮಾತ್ರೆ! ಆದರೆ ಮಸೀದಿಯ ಇಮಾಮರನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಇಮಾಮರು ತಮಿಳಿನಲ್ಲಿ ಹೇಳಿದರಂತೆ, "ಅನುಮಾನ ಬಂದ್ರೆ ಬರಲಿ, ಅದಕ್ಕೆ ಕಿವಿಗೊಡಬಾರದು ಅಂತಲೇ ನಮ್ಮ ಧರ್ಮ ಹೇಳೋದು. ಒರು ತಡವ ಪೋದುಂ." ಒಂದು ಸಲ ಸಾಕು. ಈಗ ಆ ಮನುಷ್ಯ ಎಲ್ಲರ ಜೊತೆ ಸಾಲಿನಲ್ಲಿ ನಿಂತು ನಮಾಜು ಮುಗಿಸಿ ಕೆಲಸಕ್ಕೆ ಹೋಗುತ್ತಾರೆ. ಈದ್‌ಗೆ ಬಿರಿಯಾನಿ ಯಾರ ಮನೆಗೆ ಹೋಯಿತು? ಕೇಳಬೇಡಿ.

ಅವರವರ ಜನಕ್ಕೆ ಅವರವರ ಡಾಕ್ಟರು ಎಂದು ನಾನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನನಗೆ ಗೊತ್ತಿರುವ ಒಬ್ಬ ಗೃಹಿಣಿ ಇದ್ದಾರೆ. ಹೆಸರು ಬೇಡ. ಅವರಿಗೆ ಮಡಿಯ ಅನುಮಾನ. ಸ್ನಾನ ಮಾಡಿ ಬಂದರೆ ಏನೋ ಸೋಕಿತು ಅನ್ನಿಸುತ್ತದೆ, ಮತ್ತೆ ಸ್ನಾನ. ಫ್ಲ್ಯಾಟಿನ ಟ್ಯಾಂಕು ಖಾಲಿಯಾದಾಗಲೆಲ್ಲ ಅಸೋಸಿಯೇಷನ್ನಿನವರು ನನ್ನ ಮುಖವನ್ನೇ ನೋಡುತ್ತಾರೆ...

ಹೌದು, ನನ್ನ ಮುಖವನ್ನೇ. ಸುಮತಿ, ಬಾಯಿಗೆ ಬಂದುಬಿಟ್ಟಿತು ಕಣೇ.

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಮನೆಯಲ್ಲೇ ಮನೋವೈದ್ಯ ಇದ್ದಾನೆ. "ಆ ಮಡಿ ಗಿಡಿ ಎಲ್ಲ ಬಿಟ್ಟಾಕು" ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾನೆ. ಇವಳು ನನಗೆ ಹೇಳದೆ ಟ್ರೇನು ಹತ್ತಿ ರಾಯಪುರಂಗೆ ಹೋದಳು. ಜುಲೇಖಾ ಮಡಿಯನ್ನು ಬಿಡು ಅನ್ನಲಿಲ್ಲ. "ಮಡಿ ಯಾರು ಕಲಿಸಿದ್ದು?" ಎಂದು ಕೇಳಿದರಂತೆ. "ನಮ್ಮಜ್ಜಿ." "ಅಜ್ಜಿ ಎಷ್ಟು ಸಲ ಸ್ನಾನ ಮಾಡ್ತಿದ್ರು?" ಇವಳು ತುಂಬಾ ಹೊತ್ತು ಅತ್ತಳಂತೆ. ಅಜ್ಜಿ ಮಾಡುತ್ತಿದ್ದದ್ದು ಒಂದೇ ಸಲ. ಇಷ್ಟು ವರ್ಷ ಜೊತೆಗಿದ್ದ ನನಗೆ ಆ ಪ್ರಶ್ನೆ ಯಾಕೆ ಹೊಳೆಯಲಿಲ್ಲ? ನನ್ನೆದುರು ಇವಳು ಯಾಕೆ ಅಳಲಿಲ್ಲ?

ಇವತ್ತು ಒಂದೇ ಸಲ ಸ್ನಾನ ಮಾಡಿ, ನನಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಶಾಲು ಅವಳೇ ಹೊದಿಸಬೇಕೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬಾ ಸುಮತಿ.

ನೋಡಿ ಸಭಿಕರೇ, ಶಾಲು ಹೊದಿಸಿಯಾಯಿತು, ಆದರೂ ಡಾಕ್ಟರ ಕೈ ಹಿಡಿದುಕೊಂಡೇ ನಿಂತಿದ್ದಾಳೆ. ಮನೆಯಲ್ಲಿ ನಾನು ಕಾಫಿ ಲೋಟ ಕೊಡಹೋದರೆ ಇವತ್ತಿಗೂ "ಅಲ್ಲಿಡಿ, ತಗೋತೀನಿ" ಅನ್ನುತ್ತಾಳೆ.

ಜುಲೇಖಾ ಅವರೇ, ಫೋಟೊ ಆಯಿತಲ್ಲ, ಇನ್ನು ಆ ಕೈ ಬಿಡಿ. ಇಲ್ಲಿ ನಾನೂ ಒಬ್ಬ ಕಾಯುತ್ತಿದ್ದೇನೆ. ಇಷ್ಟು ಹೊತ್ತು ಸಹಿಸಿಕೊಂಡ ತಮಗೆಲ್ಲ ಧನ್ಯವಾದ, ನಮಸ್ಕಾರ.