ವಾಂತಿಭೇದಿ ಎಂದು ಬರೆದದ್ದು

ಜಗಳೂರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಹೆಲ್ತ್ ಇನ್‌ಸ್ಪೆಕ್ಟರ್ ನಾಗೇಂದ್ರಪ್ಪ ಕೂತಿದ್ದರು. ಮೊನ್ನೆಯಷ್ಟೇ ಮಗನನ್ನು ಮಣ್ಣು ಮಾಡಿದ್ದ ಅಂಜಿನಮ್ಮ ಅವರನ್ನು ಹುಡುಕಿಕೊಂಡು ಬಂದಳು.

"ನನ್ನ ಮಗ ಸತ್ತಿದ್ದು ಕಾಲರಾದಿಂದ ಅಂತ ಬರೆದ್ರಾ ಸಾರ್?"

"ಇಲ್ಲಮ್ಮ, ವಾಂತಿಭೇದಿ ಅಂತ ಬರೆದೀನಿ."

"ಡಾಕ್ಟ್ರು ಕಾಲರಾ ಅಂದಿದ್ರಲ್ರೀ?"

"ಕಾಲರಾ ಅಂದ್ರೆ ಲೆಕ್ಕ ದೇಶದಾಚೆಗೂ ಹೋಗ್ತೈತೆ. ದೇಶದ ಹೆಸರು ಕೆಡ್ತೈತೆ ಅಂತ ಮೇಲಿನೋರು ಬ್ಯಾಡ ಅಂದ್ರು."

"ಹಂಗಾದ್ರೆ ನಮ್ಮ ಬಾವಿಗೆ ಔಷಧಿ ಹಾಕಾಕೆ ಯಾರು ಬರ್ತಾರೆ?"

"ಕಾಲರಾನೇ ಇಲ್ಲ ಅಂದ್ಮೇಲೆ ಯಾರನ್ನ ಕಳಿಸ್ತಾರಮ್ಮ?"

"ಸಣ್ಣ ಮಗಳಿಗೂ ಬೆಳಿಗ್ಗೆಯಿಂದ ಹಂಗೇ ಆಗಾಕೆ ಹತ್ತೈತೆ."

ಅಷ್ಟರಲ್ಲಿ ನಾಗೇಂದ್ರಪ್ಪ ಕಾಯುತ್ತಿದ್ದ ದಾವಣಗೆರೆ ಬಸ್ಸು ಬಂದು ನಿಂತಿತು.

"ಏನಾರ ಬರ್ಕೊಳ್ರಿ ಸಾರ್. ಈಗ ನನ್ನ ಜತೆ ಬರ್ರಿ."

ನಾಗೇಂದ್ರಪ್ಪ ಬಸ್ಸು ಹತ್ತಲಿಲ್ಲ. ಅವಳ ಹಿಂದೆ ಬಿರುಸಾಗಿ ನಡೆದುಹೋದರು.