ತಿರುಪಿನ ಮೇಲಿನ ಕೈ

೨೦೦೩ರ ಮಾತು. ಹಡಪಸರದಲ್ಲಿ ದೆವ್ವದ ಬಾವಿ ಅಂತ ಹೆಸರಾಗಿದ್ದ ಹಳೆಯ ಬಾವಿಗೆ ಅಷ್ಟೊತ್ತಿಗೆ ಕಬ್ಬಿಣದ ಜಾಳಿಗೆ ಬಿಗಿದು, ಪಕ್ಕದಲ್ಲೇ ವಡಾಪಾವ್ ಗಾಡಿ ನಿಲ್ಲಿಸಿದ್ದರು. ದೆವ್ವಗಳಿಗೂ ಪುಣೆಯಲ್ಲಿ ಜಾಗದ ತಾಪತ್ರಯ ಅನ್ನಿ. ರಾತ್ರಿ ಹನ್ನೊಂದಕ್ಕೆ ಅನುಸೂಯಾ ಅದನ್ನು ದಾಟುತ್ತಿದ್ದಳು... ಹಿಂದೆ ಚಪ್ಪಲಿ ಸದ್ದು. ಚರಕ್... ಚರಕ್...

ಅವಳ ಕಂಪನಿಯ ಹೊಸ ವಾಚ್‌ಮನ್ ಅಂಬಣ್ಣ. ಕೆಲಸಕ್ಕೆ ಸೇರಿ ಎಂಟು ದಿನ.

"ಅಕ್ಕಾರ, ಲ್ಯಾಬಿಗೆ ಕೀಲಿ ಹಾಕೀರೇನ್ರಿ?"

"ಹಾಕೇ ಬಂದೀನಲ್ಲ ಅಂಬಣ್ಣಾ."

"ಒಳಗ ಯಾರೋ ಅದಾರ್ರಿ..." ದನಿ ಇಳಿಯಿತು. "ಟಿಕ್ ಟಿಕ್ ಅಂತದ. ಇಲಿ ಅಂದ್ರ, ಇಲಿಗೇನ್ ಓವರ್‌ಟೈಮ್ ಅದ ಏನ್ರಿ?"

ಅವಳು ನಗಲಿಲ್ಲ. ಆ ಸದ್ದು ಅವಳಿಗೆ ಗೊತ್ತು. ಸಣ್ಣ ಸ್ಕ್ರೂಡ್ರೈವರ್ ತಿರುಪಿನ ಸೀಳಿಗೆ ಕೂರುವ ಸದ್ದು.

ಅವಳೂ ಗಂಡ ದತ್ತುವೂ ಕಂಪ್ಯೂಟರ್ ಮೆಮೊರಿಯ ಬೋರ್ಡು ಪರೀಕ್ಷಿಸುತ್ತಿದ್ದರು. ಮಾಮೂಲಿ ತಂತಿಯಲ್ಲಿ ಹೋಗುವುದು ಎರಡೇ ಮಾತು: ಇದೆ, ಇಲ್ಲ. ಇವರದರಲ್ಲಿ ನಾಲ್ಕು ಮಟ್ಟ. ಬಂದದ್ದು ಯಾವ ಮಟ್ಟದ್ದೆಂದು ತಂತಿಯ ತುದಿಯ ರಿಸೀವರ್ ಮಟ್ಟಗಳ ನಡುವೆ ಮೂರು ಗೆರೆ ಹಾಕಿಕೊಂಡು ಹೇಳಬೇಕು. ಗೆರೆಗೊಂದು ತಿರುಪು. ತಿರುಪಿನ ಮೇಲೆ ದತ್ತುವಿನ ಕೈ, ತಪ್ಪಿನ ಲೆಕ್ಕ ತೋರುವ ಪರದೆಯ ಮೇಲೆ ಅವಳ ಕಣ್ಣು. ತಪ್ಪು ಸೊನ್ನೆಯಾದಾಗ ಅವಳು "ಸಾಕು" ಅನ್ನಬೇಕು. ಅಲ್ಲಿಯ ತನಕ ಅವನು ಕೈ ತೆಗೆಯುವಂತಿಲ್ಲ.

ಮೂರು ವಾರದ ಹಿಂದೆ ಯಾವುದೋ ಹುಳುಕು ಮಾತಿಗೆ ಜಗಳವಾಗಿ, ಅವಳು ಅರ್ಧಕ್ಕೇ ಎದ್ದು ರಿಕ್ಷಾ ಹತ್ತಿದಳು. "ಸಾಕು" ಅನ್ನಲಿಲ್ಲ. ಅವನು ರಾತ್ರಿ ಎರಡರವರೆಗೂ ಕಾದಿದ್ದನಂತೆ. ಮನೆಗೆ ಬರುವಾಗ ಸೊಲ್ಲಾಪುರ ರಸ್ತೆಯಲ್ಲಿ ಲಾರಿ... ಅಷ್ಟೇ.

ಈಗ ಆ ಬೋರ್ಡು ಬೆಳಗಾದರೆ ಗಿರಾಕಿಗೆ ಹೋಗಬೇಕಿತ್ತು. ಒಬ್ಬಳೇ ಎಷ್ಟು ಹೆಣಗಿದರೂ ಗೆರೆ ಕೂತಿರಲಿಲ್ಲ.

ಅವಳು ತಿರುಗಿ ನಡೆದಳು. ಲ್ಯಾಬಿನ ಬಾಗಿಲಲ್ಲಿ ಅಂಬಣ್ಣ ನಿಂತುಬಿಟ್ಟ. "ನಾ ಅಂಜಾಂವ ಅಲ್ರಿ. ಕಾಲ ಬರವಲ್ವು."

ಒಳಗೆ ಕತ್ತಲು. ಯಂತ್ರದ ಫ್ಯಾನು... ಗುಂಯ್... ಪರದೆ ತಾನಾಗಿ ಹೊತ್ತಿತ್ತು. ಅವಳು ತನ್ನ ಕುರ್ಚಿಯಲ್ಲಿ ಕೂತಳು. ಎದುರು ಮೇಜಿನ ಕಡೆ ನೋಡಲಿಲ್ಲ.

"ಇನ್ನಷ್ಟು..." ಪಿಸುಗುಟ್ಟಿದಳು.

ಟಿಕ್. ತಪ್ಪು ನಲವತ್ತು.

"ಹಿಂದಕ್ಕ... ಕೂದಲೆಳಿಯಷ್ಟು..."

ಟಿಕ್. ಒಂಬತ್ತು. ಟಿಕ್. ಸೊನ್ನೆ.

ಈಗ "ಸಾಕು" ಅನ್ನಬೇಕು. ಅನ್ನಲಿಲ್ಲ. ಅಂದರೆ ಅವನು ಕೈ ತೆಗೆಯುತ್ತಾನೆ. ಗಂಟೆ ಹನ್ನೆರಡಾಯಿತು, ಒಂದಾಯಿತು. ಸೊನ್ನೆ... ಸೊನ್ನೆ... ಆಮೇಲೆ ಒಂದು. ಮತ್ತೆ ಸೊನ್ನೆ. ಎರಡು. ಸೊನ್ನೆ. ಗೆರೆ ನಡುಗುತ್ತಿತ್ತು.

ಬಹಳ ಹೊತ್ತು ಹಿಡಿದರೆ ದತ್ತುವಿನ ಮಣಿಕಟ್ಟು ನಡುಗುತ್ತಿತ್ತು. ರಾತ್ರಿ ಅವಳೇ ಎಣ್ಣೆ ತಿಕ್ಕಬೇಕಿತ್ತು. ಮೂರು ವಾರದಿಂದ ಹಿಡಿದುಕೊಂಡೇ ಇದ್ದಾನೆ...

"ಸಾಕು, ದತ್ತು," ಅಂದಳು. "ಭಾಳ ದಣದಿ. ಕೈ ತಗಿ."

ಮೇಜಿನ ಮೇಲೆ ಏನನ್ನೋ ಮೆಲ್ಲಗೆ ಇಟ್ಟ ಸದ್ದು. ಠಕ್. ಆಮೇಲೆ ಫ್ಯಾನಿನ ಸದ್ದು ಮಾತ್ರ. ಅವಳು ಬೆಳಗಿನವರೆಗೆ ಅತ್ತಳು. ಪರದೆ ಸೊನ್ನೆ ಬಿಟ್ಟು ಕದಲಲಿಲ್ಲ.

ನಂಬುವವರು ನಂಬಲಿ, ಬಿಡುವವರು ಬಿಡಲಿ, ಆದದ್ದು ಹೌದು. ಅಂಬಣ್ಣ ಈಗ ಪುಣೆಯ ಪಕ್ಕದ ನಿಗಡಿಯಲ್ಲಿದ್ದಾನೆ, ಕೇಳಿ ನೋಡಿ. ಹೊಂದಿಸಿದ ತಿರುಪು ಅಲುಗದಂತೆ ಅದರ ತಲೆಗೆ ಒಂದು ಹನಿ ಉಗುರುಬಣ್ಣ ಇಡುವುದು ಆ ಕೆಲಸದವರ ರೂಢಿ. ಲ್ಯಾಬಿನ ಸೀಸೆ ಒಣಗಿ ತಿಂಗಳಾಗಿತ್ತು. ಬೆಳಿಗ್ಗೆ ಮೂರೂ ತಿರುಪಿನ ಮೇಲೆ ಒಂದೊಂದು ಕೆಂಪು ಹನಿ ಇತ್ತು. ಅಂಬಣ್ಣ ಮುಟ್ಟಿದ. ಬೆರಳಿಗೆ ಹತ್ತಿತು.