ಮೂರು ಸಲ ತುಳಿದರೆ ಹಿಡಿಯುತ್ತದೆ

ಮಾನ್ಯ ಅಧ್ಯಕ್ಷೆ ಶ್ರೀಮತಿ ಮರ್ಲ್ ಗುಡೆಲ್ ಅವರೇ, ನಮ್ಮ ಸ್ವಯಂಸೇವಕ ಅಗ್ನಿಶಾಮಕ ದಳದ ಮುಖ್ಯಸ್ಥರಾದ ಹೊಬಾರ್ಟ್ ಲಾಡ್ ಅವರೇ, ಅಡುಗೆಮನೆಯಲ್ಲಿ ಇನ್ನೂ ತಟ್ಟೆ ತೊಳೆಯುತ್ತಿರುವ ತಾಯಂದಿರೇ, ಹೊಟ್ಟೆ ತುಂಬ ಬೀನ್ಸು, ಹ್ಯಾಮು ತಿಂದು ಕಣ್ಣು ಎಳೆಯುತ್ತಿರುವ ಈಸ್ಟ್ ಕಾರ್ಲೋ ಊರಿನ ಸಭಿಕರೇ,

ಮೊದಲಿಗೆ ಈ ಉಡುಪಿನ ಬಗ್ಗೆ ಕ್ಷಮೆ ಇರಲಿ. ಬೆಳಿಗ್ಗೆ ಚರ್ಚಿಗೆ ಬಂದಾಗ ಇದು ಶುಭ್ರವಾಗಿತ್ತು. ಈಗ ಎರಡೂ ಮಂಡಿಯ ಮೇಲೆ ಮಣ್ಣಿದೆ, ತೋಳಿನ ಮೇಲೆ ಕಂದು ಎಣ್ಣೆಯ ಕಲೆ ಇದೆ. ಮುದುಕಿ ಬಿದ್ದಳೇನೋ ಎಂದು ನಾಲ್ಕು ಜನ ಕೇಳಿದಿರಿ. ಬೀಳಲಿಲ್ಲ. ಯಾಕೆ ಹೀಗಾಯಿತೆಂದು ಆಮೇಲೆ ಹೇಳುತ್ತೇನೆ.

ಈ ಫಲಕ ಚೆನ್ನಾಗಿದೆ. ಮೇಪಲ್ ಮರದ್ದು, ಒಳ್ಳೆಯ ಹೊಳಪು ಕೊಟ್ಟಿದ್ದೀರಿ. ಇದರ ಮೇಲೆ ಏನು ಕೆತ್ತಿಸಿದ್ದೀರಿ ಎಂಬುದನ್ನು ಓದುತ್ತೇನೆ, ಹಿಂದೆ ಕೂತವರಿಗೂ ಕೇಳಲಿ. 'ಲೊರೇನ್ ಥಿಬೋ. ಮೂವತ್ತೊಂದು ವರ್ಷಗಳ ಗ್ಯಾರೇಜ್ ಸೇವೆ. ಯಾರನ್ನೂ ನಡೆಸಿ ಮನೆಗೆ ಕಳಿಸದವಳು.' ಇದಕ್ಕೆ ನೀವು ಚಪ್ಪಾಳೆ ತಟ್ಟಿದಿರಿ. ಎದ್ದು ನಿಂತು ತಟ್ಟಿದಿರಿ. ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆ ಉರಿಯಿತು? ಕೇಳಿ. ವರ್ಮಾಂಟಿನ ಕಾನೂನು ಏನು ಹೇಳುತ್ತದೆ? ಪ್ರತಿ ಗಾಡಿಯನ್ನೂ ವರ್ಷಕ್ಕೊಮ್ಮೆ ಮೇಲೆತ್ತಿ, ಕೆಳಗೆ ನುಗ್ಗಿ, ಬ್ರೇಕು ನೋಡಿ, ಸರಿಯಿದ್ದರೆ ಗಾಜಿಗೆ ಚೀಟಿ ಅಂಟಿಸು ಎನ್ನುತ್ತದೆ. ನಮ್ಮ ಊರಿನ ಕಾನೂನು ಏನು ಹೇಳುತ್ತದೆ? ಲೊರೇನಳಿಗೆ ಒಂದು ಸಿಹಿ ಪೈ ಬೇಯಿಸಿ ಕೊಟ್ಟು ಬಾ ಎನ್ನುತ್ತದೆ. ಸುಳ್ಳೇನು? ಮೂವತ್ತೊಂದು ವರ್ಷದಲ್ಲಿ ನಾನು ತಿಂದ ರೂಬಾರ್ಬ್ ಪೈಗಳನ್ನು ಒಂದರ ಮೇಲೊಂದು ಪೇರಿಸಿದರೆ ಈ ಸಭಾಭವನದ ಸೂರು ಮುಟ್ಟುತ್ತದೆ. ನನ್ನ ಸೊಂಟದ ಸುತ್ತಳತೆ ನೋಡಿದರೆ ಊರಿನ ಎಷ್ಟು ಗಾಡಿಗಳಿಗೆ ಬ್ರೇಕಿಲ್ಲ ಎಂದು ಯಾರಾದರೂ ಹೇಳಬಹುದು.

ನಗುತ್ತಿದ್ದೀರಿ. ನಗಿ. ಇನ್ನು ಸ್ವಲ್ಪ ಹೊತ್ತು ಮಾತ್ರ.

ಹೊರಗೆ ನಿಂತಿರುವ ನಿಮ್ಮ ಪಿಕಪ್‌ಗಳನ್ನು ನಾನು ಬಲ್ಲೆ. ಒಂದೊಂದೂ ಇಪ್ಪತ್ತು, ಇಪ್ಪತ್ತೈದು ವರ್ಷದ್ದು, ಒಂದು ಟನ್ನು ಹೊರುವ ಗಾಡಿಗೆ ಎರಡು ಟನ್ನು ಹೇರುತ್ತೀರಿ. ನಾಲ್ಕು ತಿಂಗಳು ರಸ್ತೆಗೆ ಉಪ್ಪು ಸುರಿಯುತ್ತೇವೆ, ಆ ಉಪ್ಪು ಕೆಳಗಿರುವ ಬ್ರೇಕಿನ ಕೊಳವೆಯನ್ನು ಹುಳು ತಿಂದ ಹಾಗೆ ತಿನ್ನುತ್ತದೆ. ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನೊಳಕ್ಕೆ ಅಚ್ಚಿನ ಎಣ್ಣೆ ಸೋರಿರುತ್ತದೆ. ಮುಂದಿನ ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕಿನ ಕಬ್ಬಿಣ ತುಕ್ಕು ಹಿಡಿದು ಒಂದೇ ಕಡೆ ಕಚ್ಚಿಕೊಂಡು ಗಾಡಿ ಎಡಕ್ಕೆ ಎಳೆಯುತ್ತದೆ. ಆಗ ನೀವೇನು ಮಾಡುತ್ತೀರಿ? ಸ್ಟೀರಿಂಗನ್ನು ಬಲಕ್ಕೆ ಎಳೆದು ಹಿಡಿಯುತ್ತೀರಿ! ಎಚ್ಚರಿಕೆಯ ಕೆಂಪು ದೀಪ ಹತ್ತಿದರೆ ಅದರ ಮೇಲೆ ಕಪ್ಪು ಟೇಪು ಅಂಟಿಸುತ್ತೀರಿ. ಕೈಬ್ರೇಕಿನ ತಂತಿ ತುಂಡಾಗಿ ಯಾವ ಕಾಲವಾಯಿತೋ, ಸೀಟಿನ ಕೆಳಗೆ ಒಂದು ಸೌದೆ ತುಂಡು ಇಟ್ಟುಕೊಂಡಿರುತ್ತೀರಿ, ನಿಲ್ಲಿಸಿದಾಗ ಚಕ್ರಕ್ಕೆ ಕೊಡಲು. ಈಗ ಹೊರಗೆ ಹೋಗಿ ಎಣಿಸಿದರೆ ಒಂದು ಚಳಿಗಾಲಕ್ಕಾಗುವಷ್ಟು ಸೌದೆ ಸಿಗುತ್ತದೆ.

ಎಲ್ಲಕ್ಕಿಂತ ಮೇಲೆ ನಮ್ಮ ಮಹಾಮಂತ್ರವಿದೆ. ಅಪ್ಪ ಮಗನಿಗೆ ಹೇಳಿಕೊಡುತ್ತಾನೆ, ಅಜ್ಜಿ ಮೊಮ್ಮಗಳಿಗೆ ಹೇಳಿಕೊಡುತ್ತಾಳೆ. "ಒಂದ್ಸಲ ತುಳಿದ್ರೆ ಹಿಡಿಯಲ್ಲ ಕಣೋ. ಮೂರು ಸಲ ತುಳಿ, ಹಿಡಿಯುತ್ತೆ." ಅಧ್ಯಕ್ಷರು ಮಗಳ ಮದುವೆಗೆ ಬಾಸ್ಟನ್ನಿಗೆ ಹೋಗಿದ್ದಾಗ ಹೊಸ ಬಾಡಿಗೆ ಕಾರಿನಲ್ಲಿ ಮೊದಲ ಸಿಗ್ನಲ್ಲಿನ ಕೆಂಪು ದೀಪಕ್ಕೆ ಮೂರು ಸಲ ತುಳಿದರು, ಹಿಂದೆ ಕೂತಿದ್ದ ಬೀಗಿತ್ತಿಯ ಟೋಪಿ ಮುಂದಿನ ಗಾಜಿಗೆ ಬಡಿಯಿತು. ಹೌದೋ ಅಲ್ಲವೋ ಮರ್ಲ್? ಸರಿಯಾಗಿರುವ ಬ್ರೇಕು ಹೇಗಿರುತ್ತದೆ ಎನ್ನುವುದೇ ನಮಗೆ ಮರೆತುಹೋಗಿದೆ, ಸಭಿಕರೇ.

ಕೊಳವೆ ತೂತಾದರೆ? ಅದಕ್ಕೂ ನಮ್ಮಲ್ಲಿ ಮದ್ದಿದೆ. ತೂತಾದ ಕಡೆ ಕತ್ತರಿಸಿ, ತುದಿ ಮಡಚಿ, ಇಕ್ಕಳದಿಂದ ಜಜ್ಜಿ ಮುಚ್ಚಿಬಿಡುವುದು. ಬ್ರೇಕಿನ ಎಣ್ಣೆ ಸೋರುವುದು ನಿಂತಿತು. ಹಿಂದಿನ ಚಕ್ರಗಳಿಗೆ ಬ್ರೇಕೂ ನಿಂತಿತು. ಮುಂದಿನ ಎರಡು ಚಕ್ರವೇ ಗತಿ. ಆದರೆ ಹೊರೆ ಇರುವುದೆಲ್ಲಿ? ಹಿಂದೆ. ಇದನ್ನು ನೀವು ಗಂಡಸರು ಜಾಣತನ ಎಂದು ಕರೆಯುತ್ತೀರಿ. ಬಾರಿನಲ್ಲಿ ಕೂತು ಹೇಳಿಕೊಳ್ಳುತ್ತೀರಿ.

ನನ್ನ ತಮ್ಮ ಎಮಿಲ್ ಕೂಡ ಜಾಣನೇ.

ಅವನ ವಿಷಯ ಮಾತಾಡಬೇಕೆಂದು ನಾನು ಬರೆದುಕೊಂಡು ಬಂದಿರಲಿಲ್ಲ. ಈ ಭಾಷಣದ ಕಾಗದದಲ್ಲಿ ಇಲ್ಲ, ನೋಡಿ. ಇರಲಿ. ಅವನ ಹೆಂಡತಿ ನೊಯೆಲ್ಲಾ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ನೊಯೆಲ್ಲಾ, ಎದ್ದು ಹೋಗಬೇಡಮ್ಮ. ಇದು ನಿನಗೇ ಹೇಳಬೇಕಾದ ಮಾತು.

ಹತ್ತೊಂಬತ್ತು ವರ್ಷದ ಹಿಂದೆ, ಮಾರ್ಚಿನಲ್ಲಿ, ಪಾಕ ಕಾಯಿಸಲು ಮೇಪಲ್ ಮರಗಳಿಂದ ರಸ ಇಳಿಸುವ ವಾರದಲ್ಲಿ ಎಮಿಲ್ ತನ್ನ ಹಳೆಯ ಪಿಕಪ್ ತಂದು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ನಾನು ಕೆಳಗೆ ನುಗ್ಗಿ ನೋಡಿದೆ. ಹಿಂದಿನ ಬ್ರೇಕಿನ ಕೊಳವೆಯನ್ನು ಮಡಚಿ ಜಜ್ಜಿದ್ದ. ಇದೇನೋ ಅಂದೆ.

"ಅಕ್ಕಾ, ಶುರು ಹಚ್ಕೋಬೇಡ. ರಸ ನನಗೋಸ್ಕರ ಕಾಯುತ್ತಾ? ಹತ್ತು ದಿನ, ಮಾರಾಯ್ತಿ. ಸುಗ್ಗಿ ಮುಗೀಲಿ, ನಾನೇ ತಂದು ಇಲ್ಲೇ ಬಿಟ್ಟು ನಡ್ಕೊಂಡು ಹೋಗ್ತೀನಿ."

"ಈಗ್ಲೇ ನಡ್ಕೊಂಡು ಹೋಗು," ಅಂದೆ.

"ಒಡಹುಟ್ಟಿದವನನ್ನ ಮಂಜಲ್ಲಿ ಆರು ಮೈಲಿ ನಡೆಸ್ತೀಯಾ? ಹಾಕು ಚೀಟಿ. ಹೋದ ವರ್ಷದ ಸೈಡರ್, ಸೇಬಿನ ಹೆಂಡ, ಒಂದು ಬಾಟ್ಲಿ ಎತ್ತಿಟ್ಟಿದೀನಿ, ತಂದು ಕೊಡ್ತೀನಿ. ನಾನಂತೂ ಕುಡಿಯಲ್ಲ, ನೀನಾದ್ರೂ ಕುಡಿ."

ಹಾಕಿದೆ. ನನ್ನ ಈ ಕೈಯಿಂದಲೇ ಹಾಕಿದೆ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದೆ.

ಹನ್ನೊಂದನೆಯ ದಿನ ಅವನು ಹಿಂದೆ ತುಂಬಿದ ರಸದ ತೊಟ್ಟಿ ಹೇರಿಕೊಂಡು ಕಲ್ಲುಗಣಿಯ ಇಳಿಜಾರಿನಲ್ಲಿ ಇಳಿದ. ಮುಂದಿನ ಬ್ರೇಕು ಕಾದು ಸತ್ತುಹೋಯಿತು. ಗಾಡಿ ಕಲ್ಲಿನ ಗೋಡೆ ಒಡೆದು ಹಳ್ಳಕ್ಕೆ ಬಿತ್ತು. ಆಮೇಲಿನದು ನಿಮಗೆಲ್ಲ ಗೊತ್ತು. ನಿಮಗೆ ಗೊತ್ತಿರುವುದು ಏನು? ಗಾಡಿಯೊಳಗೆಲ್ಲ ಹೆಂಡದ ವಾಸನೆ, ಒಡೆದ ಬಾಟಲಿ, ಎಮಿಲ್ ಥಿಬೋ ಮತ್ತೆ ಕುಡಿಯಲು ಶುರುಮಾಡಿದ್ದ. ಅಷ್ಟೇ ತಾನೇ ನಿಮಗೆ ಗೊತ್ತಿರುವುದು? ಅಷ್ಟನ್ನೇ ತಾನೇ ಹತ್ತೊಂಬತ್ತು ವರ್ಷ ಹೇಳಿಕೊಂಡು ಬಂದಿದ್ದೀರಿ?

ನೊಯೆಲ್ಲಾ ಅವತ್ತು ಇದೇ ಸಭಾಭವನದಲ್ಲಿ, ಶವಸಂಸ್ಕಾರದ ಊಟದಲ್ಲಿ, ಒಬ್ಬೊಬ್ಬರ ಹತ್ತಿರವೂ ಹೋಗಿ ಹೇಳಿದಳು. "ಅವ್ರು ಒಂಬತ್ತು ವರ್ಷದಿಂದ ಒಂದು ತೊಟ್ಟು ಮುಟ್ಟಿರಲಿಲ್ಲ." ನೀವು ತಲೆಯಾಡಿಸಿದಿರಿ, ಪಾಪ ಎಂದಿರಿ, ಬೆನ್ನು ತಿರುಗಿಸಿ ಪಿಸುಗುಟ್ಟಿದಿರಿ. ಕುಡುಕನ ಹೆಂಡತಿ ಎಂದು ಅವಳಿಗೆ ಮುದ್ರೆ ಒತ್ತಿದಿರಿ. ನಾನು? ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದೆ. ಆ ಬಾಟಲಿ ನನಗೆ ತರುತ್ತಿದ್ದದ್ದು. ನನ್ನ ಚೀಟಿಗೆ ಕೊಡುತ್ತಿದ್ದ ಕಾಣಿಕೆ. ಅದು ನನಗೆ ಗೊತ್ತಿತ್ತು, ನನ್ನೊಬ್ಬಳಿಗೇ ಗೊತ್ತಿತ್ತು. ಬಾಯಿ ಬಿಟ್ಟರೆ ಗ್ಯಾರೇಜು ಹೋಗುತ್ತದೆ ಎಂದು ಸುಮ್ಮನಿದ್ದೆ. ಸತ್ತ ತಮ್ಮನ ಮಾನ ಕೊಟ್ಟು ಗ್ಯಾರೇಜು ಉಳಿಸಿಕೊಂಡೆ. ಅಂಥವಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ!

ನೀರು ಬೇಡ ಮರ್ಲ್. ನಾನು ಚೆನ್ನಾಗಿದ್ದೇನೆ.

ಈಗ ಮೊನ್ನೆ ಮಂಗಳವಾರದ ಮಾತು. ಹೊಬಾರ್ಟ್ ಲಾಡ್ ಅವರು ದಳದ ಹಳೆಯ ಕೆಂಪು ಪಿಕಪ್ ತಂದರು. ನೀವೆಲ್ಲ ನೋಡಿದ್ದೀರಿ, ಮೇಣ ಹಚ್ಚಿ ಕನ್ನಡಿಯ ಹಾಗೆ ಮಾಡಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾಳೆ ಸತ್ತ ಸೈನಿಕರ ನೆನಪಿನ ಮೆರವಣಿಗೆ. ಆ ಪಿಕಪ್ಪಿನ ಹಿಂದೆ ಹುಲ್ಲುಗಾಡಿ ಕಟ್ಟಿ, ಅದರ ಮೇಲೆ ಶಾಲೆಯ ಹತ್ತೊಂಬತ್ತು ಮಕ್ಕಳನ್ನು ವಾದ್ಯಗಳ ಸಮೇತ ಕೂರಿಸಿ, ಚರ್ಚಿನ ಇಳಿಜಾರಿನಲ್ಲಿ ಕೆಳಗೆ ಸ್ಮಶಾನದವರೆಗೆ ತರುವುದು ಪದ್ಧತಿ.

"ಒಂದೇ ಮೆರವಣಿಗೆ, ಲೊರೇನ್," ಎಂದರು ಹೊಬಾರ್ಟ್. "ನಡೆಯೋ ವೇಗದಲ್ಲಿ ಹೋಗೋದು ತಾನೇ? ಚೀಟಿ ಹಾಕ್ಬಿಡು. ಅಂದ ಹಾಗೆ ಭಾನುವಾರ ನಿನಗೊಂದು ಸನ್ಮಾನ ಇಟ್ಕೊಂಡಿದೀವಿ ಕಣೆ, ಒಳ್ಳೆ ಬಟ್ಟೆ ಹಾಕ್ಕೊಂಡು ಬಾ."

ಕೂತುಕೋ ಹೊಬಾರ್ಟ್. ನಾನು ಇನ್ನೂ ಮುಗಿಸಿಲ್ಲ.

ನನಗೆ ಸೊಂಟ ನೋವಿತ್ತು. ಕೆಳಗೆ ನುಗ್ಗಲಿಲ್ಲ. ಹೀಗೆಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಸನ್ಮಾನ ಎಂದ ಕೂಡಲೇ ಮುದುಕಿಗೆ ಕೋಡು ಮೂಡಿತು. ನೋಡದೆಯೇ ಚೀಟಿ ಅಂಟಿಸಿದೆ. ತಮ್ಮನನ್ನು ಮಣ್ಣು ಮಾಡಿ ಬಂದವಳು ಅಂಟಿಸಿದೆ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಗಾದೆಯಿದೆ. ನಾನು ಸೂರೆ ಹೋದ ಮೇಲೂ ಹಾಕಲಿಲ್ಲ. ನಿಮ್ಮ ಮೇಲೆ ನನಗಿರುವ ಸಿಟ್ಟು ದೊಡ್ಡದು, ಆದರೆ ನನ್ನ ಮೇಲಿರುವುದಕ್ಕೆ ಅದು ಸಾಟಿಯಲ್ಲ.

ಇವತ್ತು ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ನೊಯೆಲ್ಲಾಳ ಮೊಮ್ಮಗಳು ಓಡಿಬಂದು, "ದೊಡ್ಡಜ್ಜಿ, ನಾಳೆ ಡೋಲು ಬಾರ್ಸೋದು ನಾನೇ! ಗಾಡೀಲಿ ಎಲ್ಲರಿಗಿಂತ ಮುಂದೆ ಕೂರ್ತೀನಿ!" ಎಂದಳು. ಎಮಿಲನ ಕಣ್ಣೇ ಆ ಹುಡುಗಿಗೆ. ನೀವೆಲ್ಲ ಒಳಗೆ ಹಾಡು ಹೇಳುತ್ತಿದ್ದಾಗ ನಾನು ಹೊರಗೆ ಹೋಗಿ, ಈ ಉಡುಪಿನಲ್ಲೇ, ಅಂಗಳದಲ್ಲಿ ನಿಂತಿದ್ದ ಆ ಕೆಂಪು ಪಿಕಪ್ಪಿನ ಕೆಳಗೆ ನುಗ್ಗಿದೆ. ಏನು ಕಂಡಿತು? ಮಡಚಿ ಜಜ್ಜಿದ ಕೊಳವೆ. ಅದೇ ಹಿಂದಿನ ಕೊಳವೆ, ಅದೇ ಜಾಗ. ಮಡಿಕೆಯಿಂದ ಎಣ್ಣೆ ಜಿನುಗುತ್ತಿತ್ತು, ನನ್ನ ತೋಳಿನ ಮೇಲೆ ಬಿತ್ತು. ನೋಡಿ, ಇದೇ ಆ ಕಲೆ. ಯಾರು ಜಜ್ಜಿದ್ದು ಎಂದು ನಾನು ಕೇಳುವುದಿಲ್ಲ. ನಮ್ಮೂರಿನ ಯಾರಾದರೂ ಜಜ್ಜಿರಬಹುದು.

ಇದೋ, ನನ್ನ ಅಂಗೈಯಲ್ಲಿ ಇರುವುದು ಆ ಚೀಟಿ. ಬ್ಲೇಡಿನಿಂದ ಕೆರೆದು ತೆಗೆದೆ. ಚೂರು ಚೂರಾಗಿದೆ. ಇದನ್ನು ನಿಮ್ಮ ಫಲಕದ ಮೇಲೆ ಇಟ್ಟು, ಎರಡನ್ನೂ ಅಧ್ಯಕ್ಷರಿಗೆ ಹಿಂದಿರುಗಿಸುತ್ತಿದ್ದೇನೆ. ನಾಳಿದ್ದು ನಾನೇ ರಾಜಧಾನಿ ಮಾಂಟ್‌ಪೀಲಿಯರಿಗೆ ಹೋಗಿ ಸಾರಿಗೆ ಇಲಾಖೆಗೆ ಎಮಿಲನ ಚೀಟಿಯ ವಿಷಯ ಬರೆದುಕೊಟ್ಟು ಬರುತ್ತೇನೆ. ಗ್ಯಾರೇಜು ಮುಚ್ಚಿಸಿದರೆ ಮುಚ್ಚಿಸಲಿ. ನೊಯೆಲ್ಲಾ, ನಿನ್ನ ಗಂಡ ಕುಡಿದಿರಲಿಲ್ಲ. ಇದನ್ನು ನಾನು ಹತ್ತೊಂಬತ್ತು ವರ್ಷದ ಹಿಂದೆ, ಇಲ್ಲೇ ಹೇಳಬೇಕಾಗಿತ್ತು.

'ಯಾರನ್ನೂ ನಡೆಸಿ ಮನೆಗೆ ಕಳಿಸದವಳು.' ಒಬ್ಬನನ್ನು ಕಳಿಸಬೇಕಾಗಿತ್ತು, ಸಭಿಕರೇ. ಆರು ಮೈಲಿ. ಬೈದುಕೊಂಡು ಹೋಗುತ್ತಿದ್ದ. ಒಂದು ವಾರ ಮಾತು ಬಿಡುತ್ತಿದ್ದ. ಇವತ್ತು ಆ ಮೂರನೆಯ ಸಾಲಿನಲ್ಲಿ ಕೂತು ಅಕ್ಕನ ಭಾಷಣ ಎಷ್ಟು ಉದ್ದ ಎಂದು ಆಕಳಿಸುತ್ತಿದ್ದ.

ನಾಳೆ ಮಕ್ಕಳು ನಡೆದುಕೊಂಡು ಹೋಗುತ್ತಾರೆ. ಡೋಲು ಭಾರವಾದರೆ ನಾನು ಹೊರುತ್ತೇನೆ.

ಇನ್ನು ಒಂದೇ ಒಂದು ಕೆಲಸ ಬಾಕಿ ಇದೆ. ಹೊಬಾರ್ಟ್ ಲಾಡ್ ಅವರೇ, ಆ ಪಿಕಪ್ಪಿನ ಕೀಲಿ ನಿಮ್ಮ ಕೋಟಿನ ಎಡ ಜೇಬಿನಲ್ಲಿದೆ. ಊಟದ ಹೊತ್ತಿಗೆ ನೀವು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡದ್ದನ್ನು ಕಂಡಿದ್ದೇನೆ. ಅದನ್ನು ತೆಗೆದು ಮೇಜಿನ ಮೇಲೆ ಇಡಿ. ಅಲ್ಲಿಯವರೆಗೆ ನಾನು ಈ ಮೈಕು ಬಿಡುವುದಿಲ್ಲ, ಇವರು ಯಾರೂ ಮನೆಗೆ ಹೋಗುವುದಿಲ್ಲ. ನಿಮ್ಮ ಮುಖ ಕೆಂಪಾದದ್ದು ಕಾಣುತ್ತಿದೆ. ಆಗಲಿ. ನನ್ನನ್ನು ಬೈದುಕೊಳ್ಳಿ, ಒಂದು ವಾರ ಮಾತು ಬಿಡಿ, ಹತ್ತು ವರ್ಷ ಬೇಕಾದರೂ ಬಿಡಿ. ಕೀಲಿ ಇಡಿ.

ನಾನು ಕಾಯುತ್ತೇನೆ. ನನಗೆ ಅಭ್ಯಾಸವಿದೆ.

ಹಾಂ. ಹಿಂದೆ ಕೂತವರಿಗೂ ಆ ಸದ್ದು ಕೇಳಿಸಿರಬೇಕು.

ನೊಯೆಲ್ಲಾ, ನೀನು ಹತ್ತಿರದಲ್ಲಿದ್ದೀಯ, ಆ ಕೀಲಿ ಎತ್ತಿಕೋ. ನಿನ್ನ ಹತ್ತಿರವೇ ಇರಲಿ. ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ಎಲ್ಲರಿಗೂ ವಂದನೆಗಳು. ಈ ಸಲ ಯಾರೂ ಚಪ್ಪಾಳೆ ತಟ್ಟಬೇಡಿ. ನಮಸ್ಕಾರ.